ಬಾಗಿಲ ಮೇಲಿನ ತೆನೆ

ಮುಂಜಾನೆ ಮದ್ರಸ, ಭಾನುವಾರ ಇಗರ್ಜಿಯಲ್ಲಿ ದೊತೊರ್ನ್, ವಾರಕ್ಕೊಂದು ಸಂಜೆ ಭಜನೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಮಕ್ಕಳಿಗೆ ಅವರವರ ಧರ್ಮ ಕಲಿಸುವವರು ಬೇಕಾದಷ್ಟಿದ್ದಾರೆ. ಪಕ್ಕದ ಬೆಂಚಿನ ಗೆಳೆಯನ ಧರ್ಮ ಹೇಳಿಕೊಡುವವರು ಯಾರು?

ಸೆಪ್ಟೆಂಬರ್ 8ರ ಬೆಳಗ್ಗೆ. ಮಳೆ ಬಿಟ್ಟು ಬಿಟ್ಟು ಸುರಿಯುವ ಕಾಲ. ಫರಂಗಿಪೇಟೆಯ ಮೊಂತಿ ಮರಿಯಾನೊ ಇಗರ್ಜಿಯಲ್ಲಿ ಪುಟ್ಟ ಬುಟ್ಟಿ ಹಿಡಿದ ಮಕ್ಕಳು ಸಾಲಾಗಿ ನಿಂತಿರುತ್ತಾರೆ. ಬುಟ್ಟಿಯಲ್ಲಿ ದಾಸವಾಳ, ಗೌರಿಹೂ, ಬೇಲಿಬದಿಯಲ್ಲಿ ಕಿತ್ತ ಹೆಸರು ಗೊತ್ತಿಲ್ಲದ ಕಾಡುಹೂ. ಒಂಬತ್ತು ದಿನದಿಂದ ಹೀಗೆಯೇ ಬಂದು, ಬಾಲೆ ಮರಿಯಮ್ಮನ ಮೂರ್ತಿಗೆ ಕೊಂಕಣಿ ಹಾಡಿನ ಲಯಕ್ಕೆ ಸರಿಯಾಗಿ ಹೂ ಎರಚಿದ ಮಕ್ಕಳಿವರು. ಇಂದು ಮರಿಯಮ್ಮನ ಹುಟ್ಟುಹಬ್ಬ, ಮೊಂತಿ ಹಬ್ಬ. ಹೂ ಹಾಕಿದ ಕೈಗೆ ಕಬ್ಬು ಸಿಗುತ್ತದೆ. ಮನೆಯವರ ಕೈಗೆ ಪಾದ್ರಿಗಳು ಆಶೀರ್ವದಿಸಿದ ಹೊಸ ಭತ್ತದ ತೆನೆ.

ಮನೆಗೆ ತಂದ ತೆನೆಯ ಕಾಳು ಸುಲಿದು, ಪುಡಿ ಮಾಡಿ, ಹಾಲಿಗೋ ಪಾಯಸಕ್ಕೋ ಬೆರೆಸುತ್ತಾರೆ. ಎಲ್ಲರೂ ಒಟ್ಟಿಗೆ ಕೂತು, ಹಿರಿಯರು ಪ್ರಾರ್ಥನೆ ಹೇಳಿದ ಮೇಲೆ ಅದನ್ನು ಸೇವಿಸುತ್ತಾರೆ. ಆಮೇಲೆ ಬಾಳೆಲೆ ಊಟ. ಮೀನಿಲ್ಲದೆ ದಿನ ಕಳೆಯದ ಮನೆಯಲ್ಲೂ ಅಂದು ಬರೀ ತರಕಾರಿ. ಕೊಂಕಣಿಯಲ್ಲಿ ಇದು ‘ನೊವೆಂ’, ಅಂದರೆ ಹೊಸತು.

ಇದೇ ಸೋಣ ತಿಂಗಳಿಂದ ನವರಾತ್ರಿಯವರೆಗೆ ಇದೇ ಬಯಲಿನ ಅಂಚಿನ ತುಳು ಮನೆಗಳಲ್ಲೂ ತೆನೆ ಒಳಗೆ ಬರುತ್ತದೆ. ಮಾವು, ಹಲಸು, ಬಿದಿರಿನ ಎಲೆ ಸೇರಿಸಿ ಕಟ್ಟಿದ ಕುರಲ್, ಅಂದರೆ ತೆನೆ, ಬಾಗಿಲ ಮೇಲೆ, ಕಂಬಕ್ಕೆ, ಅಕ್ಕಿ ಡಬ್ಬಿಗೆ ಏರುತ್ತದೆ. ಅದಕ್ಕೆ ‘ಮನೆ ತುಂಬಿಸುವುದು’ ಎಂದು ಹೆಸರು. ಹೊಸ ಅಕ್ಕಿಯ ಊಟಕ್ಕೆ ಪುದ್ವಾರ್.

ಎರಡೂ ಮನೆಯ ಮಕ್ಕಳು ಮರುದಿನ ಒಂದೇ ಶಾಲೆಯ ಒಂದೇ ಬೆಂಚಿನಲ್ಲಿ ಕೂರುತ್ತಾರೆ. ಚೌತಿಗೂ ಮೊಂತಿ ಹಬ್ಬಕ್ಕೂ ಕಬ್ಬು ಕಟ್ಟಿ ಮಾರುವ ವ್ಯಾಪಾರಿಗೆ ಈ ಎರಡು ಹಬ್ಬಗಳ ನಂಟು ಚೆನ್ನಾಗಿ ಗೊತ್ತು. ಪಾಠಪುಸ್ತಕಕ್ಕೆ ಮಾತ್ರ ಗೊತ್ತಿಲ್ಲ.

ಹೊಂದಿಸಿ ಬರೆಯಿರಿ

ನಮ್ಮ ಶಾಲೆಗಳಲ್ಲಿ ಧರ್ಮದ ವಿಷಯ ಬರುವುದೇ ಇಲ್ಲ ಎನ್ನುವಂತಿಲ್ಲ. ಕೆಳಗಿನ ತರಗತಿಗಳಲ್ಲಿ ‘ನಮ್ಮ ಹಬ್ಬಗಳು’ ಎಂಬ ಪಾಠವಾಗಿ ಬರುತ್ತದೆ. ಮೇಲೆ ಹೋದಂತೆ ಸಮಾಜ ವಿಜ್ಞಾನದಲ್ಲಿ ಇತಿಹಾಸವಾಗಿ ಬರುತ್ತದೆ. ಪರೀಕ್ಷೆ ಹತ್ತಿರವಾದಾಗ ಮಾತ್ರ ಅದು ಮೂರು ಕಂಬಸಾಲಿನ ಪಟ್ಟಿಯಾಗಿಬಿಡುತ್ತದೆ: ಸ್ಥಾಪಕರು, ಪವಿತ್ರ ಗ್ರಂಥ, ಪ್ರಾರ್ಥನಾ ಸ್ಥಳ. ಹೊಂದಿಸಿ ಬರೆದರೆ ನಾಲ್ಕು ಅಂಕ.

ಆ ಪಟ್ಟಿಯನ್ನು ಈ ಮೂರು ತಾಲ್ಲೂಕುಗಳಲ್ಲಿ ಹಿಡಿದುಕೊಂಡು ಹೊರಟರೆ ಮೊದಲ ಸಾಲಿನಲ್ಲೇ ಎಡವಬೇಕಾಗುತ್ತದೆ. ಜೈನ ಧರ್ಮದ ಸ್ಥಾಪಕ ಮಹಾವೀರ ಎಂದು ಬರೆದರೆ ಮೂಡುಬಿದಿರೆಯ ಬಸದಿಗೆ ಅಜ್ಜಿಯ ಜೊತೆ ಹೋಗಿ ಬಂದ ಹುಡುಗಿ ಹೌಹಾರುತ್ತಾಳೆ. ಅವಳ ಮನೆಯಲ್ಲಿ ಮಹಾವೀರ ಇಪ್ಪತ್ತನಾಲ್ಕನೆಯ ತೀರ್ಥಂಕರ, ಮೊದಲನೆಯವನು ಆದಿನಾಥ. ಹಿಂದೂ ಧರ್ಮದ ಎದುರಿನ ಸ್ಥಾಪಕರ ಜಾಗ ಖಾಲಿ. ಕ್ರೈಸ್ತ ಧರ್ಮದ ಸಾಲು ಸುಲಭವೆಂದುಕೊಂಡರೆ ಬೆಳ್ತಂಗಡಿಯಲ್ಲಿ ಎರಡು ಬಗೆಯ ಕ್ರೈಸ್ತರು. ಕೊಂಕಣಿ ಮಾತಾಡುವ ಲ್ಯಾಟಿನ್ ವಿಧಿಯ ಕಥೋಲಿಕರು ಒಂದೆಡೆ, ಕೇರಳದಿಂದ ಘಟ್ಟದ ಬುಡಕ್ಕೆ ಬಂದು ರಬ್ಬರ್ ತೋಟ ಮಾಡಿದ ಮಲಯಾಳಂ ಮಾತಿನ ಸಿರೋ ಮಲಬಾರ್ ಪಂಥದವರು ಇನ್ನೊಂದೆಡೆ. ಅವರಿಗೆ 1999ರಿಂದ ಬೆಳ್ತಂಗಡಿಯೇ ಧರ್ಮಪ್ರಾಂತ್ಯದ ಕೇಂದ್ರ. ಪೂಜಾವಿಧಿಯೂ ಬೇರೆ.

ಇನ್ನು ದೈವ. ಕೋಟಿ ಚೆನ್ನಯ, ಪಂಜುರ್ಲಿ, ಕೊರಗಜ್ಜ. ಗ್ರಂಥವಿಲ್ಲ, ಹಾಡುವ ಪಾಡ್ದನವಿದೆ. ಸ್ಥಾಪಕನಿಲ್ಲ, ಕಟ್ಟಿದ ನೇಮವಿದೆ. ವರ್ಷಕ್ಕೊಮ್ಮೆ ಇಡೀ ಊರು ರಾತ್ರಿಯೆಲ್ಲ ಎದ್ದಿರುವುದು ಆ ನೇಮಕ್ಕೆ. ಆದರೂ ಪಟ್ಟಿಯಲ್ಲಿ ಅದಕ್ಕೊಂದು ಸಾಲಿಲ್ಲ. ದೈವ ಕಟ್ಟುವ ಮನೆಯ ಮಗು, ಕೊರಗರ ಮನೆಯ ಮಗು, ಘಟ್ಟದಂಚಿನ ಮಲೆಕುಡಿಯರ ಮಗು ಆ ಪಟ್ಟಿಯನ್ನು ಬಾಯಿಪಾಠ ಮಾಡುತ್ತಾ ತನ್ನದು ಧರ್ಮದ ಲೆಕ್ಕಕ್ಕೇ ಬಾರದ ಸಂಗತಿ ಎಂದು ತೀರ್ಮಾನಿಸಿದರೆ ತಪ್ಪು ಮಗುವಿನದಲ್ಲ. ‘ಜಗತ್ತಿನ ಧರ್ಮಗಳು’ ಎಂಬ ಪಾಠ ಎಲ್ಲೇ ಶುರುವಾಗಲಿ, ಕೂತ ಮಕ್ಕಳ ಮನೆಗಳನ್ನು ಬಿಟ್ಟು ಶುರುವಾಗಬಾರದು.

ಈ ಮಣ್ಣಿನಲ್ಲಿ ಅದಕ್ಕೊಂದು ಮಾದರಿಯೂ ಇದೆ. ಪಂಜೆ ಮಂಗೇಶರಾಯರು ಹುಟ್ಟಿದ್ದು ಬಂಟ್ವಾಳದಲ್ಲಿ, 1874ರಲ್ಲಿ. ಮನೆಮಾತು ಕೊಂಕಣಿ, ಕೆಲಸ ಶಾಲಾ ಇನ್ಸ್‌ಪೆಕ್ಟರರದು, ಜೀವನದ ಕೊನೆಯವರೆಗೂ ಹಂಬಲ ಮಕ್ಕಳ ಓದು. 1921ರಲ್ಲಿ ಬಾಲ ಸಾಹಿತ್ಯ ಮಂಡಲ ಕಟ್ಟಿದವರೂ ಅವರೇ. ಬಿಲ್ಲವರ ಗರಡಿಗಳಲ್ಲಿ ಆರಾಧನೆ ಪಡೆಯುವ ಕೋಟಿ ಚೆನ್ನಯರ ಕಥೆಯನ್ನು ತುಳು ಪಾಡ್ದನದಿಂದ ಎತ್ತಿ ಕನ್ನಡ ಗದ್ಯಕ್ಕೆ ತಂದವರು ಅವರು. ತನ್ನ ಮನೆಯಲ್ಲಿ ಇಲ್ಲದ ಆರಾಧನೆಯ ಕಥೆಯನ್ನು ಪ್ರೀತಿಯಿಂದ ಕೇಳಿ, ಇನ್ನೊಬ್ಬರಿಗೆ ಹೇಳುವ ಕೆಲಸ ಅದು. ಮಕ್ಕಳಿಗೆ ಧರ್ಮಗಳ ಪಾಠ ಎಂದರೆ ಇದಕ್ಕಿಂತ ದೊಡ್ಡದೇನೂ ಬೇಕಿಲ್ಲ.

ಬಾಕ್ಸ್: ಸಂವಿಧಾನ ಏನು ಹೇಳುತ್ತದೆ?

*ಸಂವಿಧಾನದ 28ನೆಯ ವಿಧಿಯ ಪ್ರಕಾರ, ಪೂರ್ತಿಯಾಗಿ ಸರ್ಕಾರದ ಹಣದಲ್ಲಿ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಕೂಡದು. ಅನುದಾನಿತ ಮತ್ತು ಮಾನ್ಯತೆ ಪಡೆದ ಶಾಲೆಗಳಲ್ಲಿ ನಡೆದರೂ ಮಗುವಿನ ಹೆತ್ತವರ ಒಪ್ಪಿಗೆಯಿಲ್ಲದೆ ಅದರಲ್ಲಿ ಕೂರಿಸುವಂತಿಲ್ಲ.*

*1964–66ರ ಕೊಠಾರಿ ಆಯೋಗ ಇಲ್ಲೊಂದು ಗೆರೆ ಎಳೆಯಿತು. ಒಂದು ಧರ್ಮವನ್ನು ಬೋಧಿಸುವುದು ಬೇರೆ, ಧರ್ಮಗಳ ಬಗ್ಗೆ ತಿಳಿಸುವುದು ಬೇರೆ. ಎರಡನೆಯದು ಪೌರಶಿಕ್ಷಣದ ಭಾಗವಾಗಬೇಕು ಎಂದಿತು. 2002ರಲ್ಲಿ ಅರುಣಾ ರಾಯ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೂಡ ಧರ್ಮಗಳ ಬಗೆಗಿನ ಶಿಕ್ಷಣಕ್ಕೆ 28ನೆಯ ವಿಧಿ ಅಡ್ಡಿಯಲ್ಲ ಎಂದಿತು.*

*ಅದಕ್ಕೂ ಮೊದಲು, 1948–49ರ ರಾಧಾಕೃಷ್ಣನ್ ಆಯೋಗ ಪದವಿ ತರಗತಿಯ ಮೊದಲ ವರ್ಷಕ್ಕೆ ಮಹಾಪುರುಷರ ಜೀವನಕಥೆಗಳನ್ನು ಸೂಚಿಸಿತ್ತು. ಬುದ್ಧ, ಯೇಸು, ಮುಹಮ್ಮದ್, ಕಬೀರ್, ನಾನಕರ ಜೊತೆಗೆ ಕರಾವಳಿಯ ಮಧ್ವಾಚಾರ್ಯರ ಹೆಸರೂ ಅದರಲ್ಲಿತ್ತು.*

ಬಿಸಿಯೂಟದ ಹೊತ್ತಿನ ಪ್ರಶ್ನೆ

ಮಕ್ಕಳು ಧರ್ಮದ ಬಗ್ಗೆ ಕೇಳುವ ಮೊದಲ ಪ್ರಶ್ನೆ ದೇವರ ಕುರಿತಾಗಿ ಇರುವುದು ಅಪರೂಪ. ಅದು ತಟ್ಟೆಯ ಕುರಿತಾಗಿರುತ್ತದೆ.

‘ಟೀಚರ್, ಅವ ಯಾಕೆ ಮೊಟ್ಟೆ ತಿನ್ನುದಿಲ್ಲ?’

2024ರ ಸೆಪ್ಟೆಂಬರಿನಿಂದ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಲ್ಲಿ ರಾಜ್ಯದ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಬಿಸಿಯೂಟದಲ್ಲಿ ವಾರದ ಆರೂ ದಿನ ಮೊಟ್ಟೆ ಬಂತು, ಬೇಡದವರಿಗೆ ಬಾಳೆಹಣ್ಣು. ಹೀಗಾಗಿ ಆ ಪ್ರಶ್ನೆಗೂ ಆರು ದಿನ. ಅದರ ಹಿಂದೆಯೇ ಉಳಿದವು ಬರುತ್ತವೆ. ಬಸದಿಗೆ ಹೋಗುವವಳು ನೀರುಳ್ಳಿ, ಬಟಾಟೆ ಯಾಕೆ ತಿನ್ನುವುದಿಲ್ಲ? ಕತ್ತಲಾಗುವ ಮೊದಲೇ ಊಟ ಯಾಕೆ? ರಂಜಾನಿನಲ್ಲಿ ಐದನೆಯ ಕ್ಲಾಸಿನವನು ನೀರೂ ಕುಡಿಯುವುದಿಲ್ಲವಂತೆ, ಹೌದಾ? ಈಸ್ಟರಿಗೆ ಮೊದಲು ಅವರ ಮನೆಯಲ್ಲಿ ಮಾಂಸ ಯಾಕಿಲ್ಲ?

ಸಾಲಿನಲ್ಲಿ ತಟ್ಟೆ ಹಿಡಿದು ನಿಂತ ಮಗುವಿಗೆ ‘ಸುಮ್ಮನೆ ಊಟ ಮಾಡು’ ಎನ್ನುವುದು ಸುಲಭ. ‘ಅವರದ್ದು ಹಾಗೆ’ ಎನ್ನುವುದು ಅದಕ್ಕಿಂತ ಸುಲಭ. ಎರಡೂ ಉತ್ತರದಲ್ಲಿ ಮಗು ಕಲಿಯುವುದು ಒಂದೇ: ಇದು ಕೇಳಬಾರದ ವಿಷಯ. ಶಾಲೆಯಲ್ಲಿ ಕೇಳಬಾರದ್ದನ್ನು ಮಗು ಬೇರೆಲ್ಲೋ ಕೇಳುತ್ತದೆ. ಅಲ್ಲಿ ಸಿಗುವ ಉತ್ತರ ಯಾವ ಬಣ್ಣದ್ದೋ ಹೇಳಬರುವುದಿಲ್ಲ. 2017ರ ಮಳೆಗಾಲದಲ್ಲಿ ಕೋಮು ಘರ್ಷಣೆಯಿಂದಾಗಿ ಬಂಟ್ವಾಳ ತಾಲ್ಲೂಕು ವಾರಗಟ್ಟಲೆ ನಿಷೇಧಾಜ್ಞೆಯಲ್ಲಿತ್ತು. ಅಂದು ಒಂದನೆಯ ಕ್ಲಾಸಿಗೆ ಸೇರಿದ ಮಕ್ಕಳು ಈಗ ಹೈಸ್ಕೂಲಿನ ಹಂತಕ್ಕೆ ಬಂದವರು. ಮುಚ್ಚಿದ ಅಂಗಡಿ, ಪೊಲೀಸ್ ವ್ಯಾನು, ‘ಇವತ್ತು ಶಾಲೆಗೆ ಹೋಗುವುದು ಬೇಡ’ ಎಂಬ ಮಾತು: ಬೇರೆ ಧರ್ಮವೆಂದರೆ ಇವೇ ಎಂದು ನೆನಪಿಟ್ಟುಕೊಂಡು ಬೆಳೆಯುವ ಮಕ್ಕಳೂ ನಮ್ಮ ನಡುವೆ ಇದ್ದಾರೆ.

ಸರಿಯಾದ ಉತ್ತರಕ್ಕೆ ಎರಡು ನಿಮಿಷ ಸಾಕು. ‘ಮಣ್ಣಿನ ಅಡಿಯ ಗಡ್ಡೆ ಕಿತ್ತರೆ ಅದರಲ್ಲಿರುವ, ಸುತ್ತಲಿನ ಸಣ್ಣ ಜೀವಗಳೆಲ್ಲ ಸಾಯುತ್ತವೆ, ಅದು ಬೇಡ ಅಂತ ಅವರ ಮನೆಯಲ್ಲಿ ನಂಬಿಕೆ.’ ಇಷ್ಟು ಹೇಳಿದ ಮೇಲೆ ‘ನಿಮ್ಮ ಮನೆಯಲ್ಲಿ ಯಾವಾಗ ಏನು ತಿನ್ನುವುದಿಲ್ಲ?’ ಎಂದು ಕೇಳಿದರೆ ಇಡೀ ತರಗತಿ ಕೈ ಎತ್ತುತ್ತದೆ. ಶನಿವಾರ ಮೀನಿಲ್ಲ, ಏಕಾದಶಿಗೆ ಅನ್ನವಿಲ್ಲ, ಅಮ್ಮ ಸೋಮವಾರ ಒಪ್ಪೊತ್ತು. ಯಾವ ನಂಬಿಕೆಯೂ ಇಲ್ಲದ ಮನೆಯ ಮಗುವಿಗೂ ಅಲ್ಲೊಂದು ಮಾತಿರುತ್ತದೆ: ‘ನಮ್ಮಲ್ಲಿ ಎಲ್ಲವೂ ತಿನ್ನುತ್ತೇವೆ.’ ಅದೂ ಒಂದು ಉತ್ತರ.

ಗಮನಿಸಬೇಕಾದ್ದು ‘ಅವರ ಮನೆಯಲ್ಲಿ ನಂಬಿಕೆ’ ಎಂಬ ಮೂರು ಪದ. ಅದು ನಿಜವೋ ಸುಳ್ಳೋ ಎಂದು ಶಿಕ್ಷಕರು ತೀರ್ಪು ಕೊಡಲಿಲ್ಲ. ನೀವೂ ಹಾಗೆ ಮಾಡಿ ಎನ್ನಲಿಲ್ಲ, ಮಾಡಬೇಡಿ ಎನ್ನಲೂ ಇಲ್ಲ. ಕೊಠಾರಿ ಆಯೋಗ ಹೇಳಿದ ಗೆರೆ ತರಗತಿಯಲ್ಲಿ ಕಾಣಿಸುವುದು ಇಷ್ಟು ತೆಳ್ಳಗೆ.

ಜಿರಾಫೆ ಹುಡುಕುವ ಪ್ರವಾಸ

ಪುಸ್ತಕದ ಹೊರಗೆ ನೋಡಿದರೆ ಈ ಮೂರು ತಾಲ್ಲೂಕುಗಳಷ್ಟು ಒಳ್ಳೆಯ ಪಠ್ಯ ಸಿಗುವುದು ಕಷ್ಟ.

ಮೂಡುಬಿದಿರೆಗೆ ಜೈನಕಾಶಿ ಎಂಬ ಹೆಸರಿದೆ. ಹದಿನೆಂಟು ಬಸದಿಗಳ ಊರು. 1430ರ ಸಾವಿರ ಕಂಬದ ಬಸದಿಗೆ ಮಕ್ಕಳನ್ನು ಕರೆತಂದವರು ಸಾಮಾನ್ಯವಾಗಿ ಕಂಬ ಎಣಿಸಲು ಹೇಳುತ್ತಾರೆ. ಅದಕ್ಕಿಂತ ಒಳ್ಳೆಯ ಕೆಲಸವೊಂದಿದೆ. ಮುಂದಿನ ಭೈರಾದೇವಿ ಮಂಟಪದ ತಳಪಾಯದ ಕೆತ್ತನೆಗಳಲ್ಲಿ ಜಿರಾಫೆಯನ್ನು ಹುಡುಕಲು ಹೇಳಬೇಕು. ಉದ್ದ ಕತ್ತಿನ ಆ ಪ್ರಾಣಿಯ ಹತ್ತಿರದಲ್ಲಿ ಚೀನಾದ ಡ್ರ್ಯಾಗನ್ ಕೂಡ ಇದೆ. ಆಫ್ರಿಕದ ಪ್ರಾಣಿ, ಚೀನಾದ ಸರ್ಪ ತುಳುನಾಡಿನ ಬಸದಿಗೆ ಹೇಗೆ ಬಂದವು? ಮೆಣಸು ಒಯ್ಯಲು ಬಂದ ಹಡಗುಗಳ ಕಥೆ ಅಲ್ಲಿಂದ ಶುರು. ದೂರದ ಜನ, ಅವರ ದೇವರು, ಅವರ ಕಥೆ ಇಲ್ಲಿಗೆ ಬಂದು ಬಹಳ ಕಾಲವಾಯಿತು ಎಂಬುದನ್ನು ಒಂಬತ್ತು ವರ್ಷದ ಮಗು ಕಲ್ಲನ್ನು ಮುಟ್ಟಿ ತಿಳಿಯುತ್ತದೆ.

ಅಲ್ಲಿಂದ ವೇಣೂರು ದೂರವಿಲ್ಲ. 1604ರಲ್ಲಿ ತಿಮ್ಮಣ್ಣ ಅಜಿಲ ನಿಲ್ಲಿಸಿದ ಮೂವತ್ತೈದು ಅಡಿಯ ಬಾಹುಬಲಿ. 2024ರಲ್ಲಿ ಅಲ್ಲಿ ಮಹಾಮಸ್ತಕಾಭಿಷೇಕ ನಡೆಯಿತು. ‘ಬಟ್ಟೆ ಯಾಕಿಲ್ಲ?’ ಎಂದು ಕೇಳಿ ಕಿಸಕ್ಕೆಂದು ನಗುವ ಮಕ್ಕಳನ್ನು ಗದರಿಸಿ ಸುಮ್ಮನಾಗಿಸಿದರೆ ಪಾಠ ಅಲ್ಲಿಗೇ ಮುಗಿಯಿತು. ಅಣ್ಣನನ್ನು ಗೆದ್ದ ಗಳಿಗೆಯಲ್ಲೇ ರಾಜ್ಯ ಬೇಡವೆಂದು ನಡೆದ ತಮ್ಮ, ಎಲ್ಲವನ್ನೂ ಬಿಟ್ಟವನು ಬಟ್ಟೆಯನ್ನೂ ಬಿಟ್ಟ ಎಂದು ಕಥೆ ಹೇಳಿದರೆ ನಗು ತಾನಾಗಿ ನಿಲ್ಲುತ್ತದೆ. ಬಳ್ಳಿ ಕಾಲಿಗೆ ಹಬ್ಬುವವರೆಗೂ ನಿಂತವನ ಮೇಲೆ ಮಕ್ಕಳಿಗೆ ಕೂಡಲೇ ಗೌರವ ಹುಟ್ಟುತ್ತದೆ. ಅದಕ್ಕೆ ಜೈನರಾಗಿರಬೇಕಿಲ್ಲ.

ಧರ್ಮಸ್ಥಳ ಇನ್ನೂ ಕುತೂಹಲದ ಜಾಗ. ಗರ್ಭಗುಡಿಯಲ್ಲಿ ಶಿವ, ಪೂಜೆ ಮಾಡುವವರು ಮಾಧ್ವ ಬ್ರಾಹ್ಮಣರು, ಕ್ಷೇತ್ರದ ಹೆಗ್ಗಡೆಯವರು ಜೈನರು, ಕಾಯುವವರು ಧರ್ಮದೈವಗಳು ಮತ್ತು ಅಣ್ಣಪ್ಪ. ಕಾರ್ತಿಕದ ಲಕ್ಷದೀಪೋತ್ಸವದಲ್ಲಿ 1933ರಿಂದ ಸರ್ವಧರ್ಮ ಸಮ್ಮೇಳನ ನಡೆದುಬಂದಿದೆ. ‘ಇದು ಯಾವ ಧರ್ಮದ ದೇವಸ್ಥಾನ?’ ಎಂಬ ಒಂದು ಅಂಕದ ಪ್ರಶ್ನೆಗೆ ಇಲ್ಲಿ ಉತ್ತರ ಬರೆಯಲು ಒಂದು ಪುಟವೇ ಬೇಕು. ಮಕ್ಕಳಿಗೆ ಧರ್ಮ ಕಲಿಸುವ ಹೊತ್ತಿನಲ್ಲಿ ಇಂಥ ಗೋಜಲನ್ನು ಬಿಡಿಸಿ ಸಪಾಟು ಮಾಡಬೇಕಿಲ್ಲ. ಹೇಗಿದೆಯೋ ಹಾಗೆ ತೋರಿಸಿದರಾಯಿತು.

ಬಂಟ್ವಾಳದ ಕಡೆ ನೇತ್ರಾವತಿಯ ದಡದಲ್ಲಿ ಅಜಿಲಮೊಗರು ಮಸೀದಿಯಿದೆ. ಅಲ್ಲಿನ ಮಾಲಿದಾ ಉರೂಸಿಗೆ ಹರಕೆ ಹೊತ್ತು ಬರುವವರಲ್ಲಿ ಹಿಂದೂಗಳೂ ಉಂಟು. ಆಚೆ ದಡದ ಕಡೇಶಿವಾಲಯಕ್ಕೆ ಸೇರಿಸುವ ಸೇತುವೆಗೆ ಜನ ಕರೆದ ಹೆಸರು ‘ಸೌಹಾರ್ದ ಸೇತುವೆ’. ಮೂಡುಬಿದಿರೆಗೆ ಹತ್ತಿರದ ಮೂಲ್ಕಿಯ ಬಪ್ಪನಾಡಿನಲ್ಲಿ ದುರ್ಗಾಪರಮೇಶ್ವರಿಯ ಗುಡಿ ಕಟ್ಟಿಸಿದವನು ಬಪ್ಪ ಬ್ಯಾರಿ ಎಂಬ ಮುಸ್ಲಿಂ ವ್ಯಾಪಾರಿ ಎಂದು ಸ್ಥಳಪುರಾಣ ಹೇಳುತ್ತದೆ. ಆ ಕಥೆ ಯಕ್ಷಗಾನ ಪ್ರಸಂಗವಾಗಿ ರಂಗದ ಮೇಲೆ ಬಂದಾಗ, ಬಪ್ಪ ಬ್ಯಾರಿಯ ಪ್ರವೇಶಕ್ಕೆಂದೇ ನಿದ್ದೆ ತಡೆದು ಕೂತ ಮಕ್ಕಳು ಈ ಜಿಲ್ಲೆಯಲ್ಲಿ ಎಷ್ಟೋ.

ಇಂಥ ಜಾಗಗಳಿಗೆ ಮಕ್ಕಳನ್ನು ಕರೆದೊಯ್ಯಲು ಶಿಕ್ಷಕರು ಈಗ ಹಿಂಜರಿಯುತ್ತಾರೆ. ಯಾರೋ ಫೋಟೊ ತೆಗೆದು ಹರಡಿದರೆ, ಯಾರೋ ಗೇಟಿನೆದುರು ಬಂದು ಕೂಗಾಡಿದರೆ ಎಂಬ ಭಯ. ಆ ಭಯ ಸುಳ್ಳಲ್ಲ. ಅದಕ್ಕೆ ಇರುವ ದಾರಿಯೂ ಗುಟ್ಟಿನದಲ್ಲ. ಹೆತ್ತವರಿಗೆ ಮೊದಲೇ ತಿಳಿಸಿ ಸಹಿ ಪಡೆಯಬೇಕು. ಬಾರದ ಮಗುವಿಗೆ ಬೇರೆ ಕೆಲಸ ಕೊಡಬೇಕು, ಮುಜುಗರ ಕೊಡಬಾರದು. ಹೋದ ಮಕ್ಕಳು ನೋಡುವವರು, ಕೇಳುವವರು. ಕೈ ಮುಗಿಯಲೇಬೇಕು, ಪ್ರಾರ್ಥನೆ ಹೇಳಲೇಬೇಕು ಎಂಬ ಒತ್ತಾಯ ಕೂಡದು. ಒಂದೇ ವರ್ಷದಲ್ಲಿ ಬಸದಿ, ಮಸೀದಿ, ಇಗರ್ಜಿ, ದೇವಸ್ಥಾನ, ಗರಡಿ ಎಲ್ಲಕ್ಕೂ ಹೋಗಬೇಕು. ಒಂದಕ್ಕೆ ಹೋಗಿ ಉಳಿದದ್ದಕ್ಕೆ ಬಸ್ಸಿಲ್ಲ ಎಂದರೆ ಅನುಮಾನ ಹುಟ್ಟುವುದು ಸಹಜ.

ಬಾಕ್ಸ್: ಬೇರೆ ದೇಶದವರು ಹೇಗೆ ಮಾಡಿದರು?

*ಇಂಗ್ಲೆಂಡ್: ಧರ್ಮಶಿಕ್ಷಣದ ಪಠ್ಯಕ್ರಮವನ್ನು ಸ್ಥಳೀಯ ಮಟ್ಟದಲ್ಲೇ ಒಪ್ಪಿ ರೂಪಿಸುತ್ತಾರೆ. ವಲಸಿಗರು ತುಂಬಿದ ಬರ್ಮಿಂಗ್‌ಹ್ಯಾಮ್ ನಗರ 1975ರಲ್ಲಿ ಕ್ರೈಸ್ತ ಧರ್ಮದ ಜೊತೆ ಉಳಿದ ಧರ್ಮಗಳನ್ನೂ ಸೇರಿಸಿತು.*

*ನಾರ್ವೆ: 1997ರಲ್ಲಿ ಧರ್ಮಗಳ ಕುರಿತ ಒಂದೇ ಪಾಠ ಎಲ್ಲ ಮಕ್ಕಳಿಗೂ ಕಡ್ಡಾಯವಾಯಿತು. ಕ್ರೈಸ್ತ ಧರ್ಮಕ್ಕೇ ಹೆಚ್ಚು ತೂಕ ಸಿಕ್ಕಿದೆ, ಪೂರ್ತಿ ವಿನಾಯಿತಿಯೂ ಇಲ್ಲ ಎಂದು ಕೆಲವು ಹೆತ್ತವರು ದಾವೆ ಹೂಡಿದರು. 2007ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಹೆತ್ತವರ ಪರ ತೀರ್ಪಿತ್ತಿತು.*

*ಮೊಡೆಸ್ಟೊ, ಕ್ಯಾಲಿಫೋರ್ನಿಯ: 2000ದಿಂದ ಒಂಬತ್ತನೆಯ ತರಗತಿಗೆ ಜಗತ್ತಿನ ಧರ್ಮಗಳ ಪಾಠ ಕಡ್ಡಾಯ. 2006ರ ಅಧ್ಯಯನದಲ್ಲಿ ಇತರರ ಧರ್ಮದ ಹಕ್ಕಿನ ಬಗ್ಗೆ ವಿದ್ಯಾರ್ಥಿಗಳ ಗೌರವ ಹೆಚ್ಚಿದ್ದು ಕಂಡುಬಂತು. ತಮ್ಮ ಧರ್ಮವನ್ನು ಅವರು ಬಿಟ್ಟುಕೊಡಲಿಲ್ಲ.*

ಗಾಂಧೀಜಿಯ ಅನುಮಾನ

ಇಷ್ಟಾದರೂ ಒಂದು ಹಳೆಯ ಆಕ್ಷೇಪವನ್ನು ಪಕ್ಕಕ್ಕೆ ತಳ್ಳುವಂತಿಲ್ಲ. 1937ರ ವರ್ಧಾ ಶಿಕ್ಷಣ ಯೋಜನೆಯಲ್ಲಿ ಗಾಂಧೀಜಿ ಧರ್ಮ ಬೋಧನೆಯನ್ನು ಬೇಕೆಂದೇ ಹೊರಗಿಟ್ಟರು. ಇಂದು ಧರ್ಮಗಳನ್ನು ಕಲಿಸುವ, ಆಚರಿಸುವ ರೀತಿ ಒಗ್ಗಟ್ಟಿಗಿಂತ ಜಗಳಕ್ಕೆ ದಾರಿಯಾಗುತ್ತದೆ ಎಂಬುದು ಅವರ ಭಯ. ಎಲ್ಲ ಧರ್ಮಗಳಿಗೂ ಸಮಾನವಾದ ಸತ್ಯಗಳನ್ನು ಮಕ್ಕಳಿಗೆ ಕಲಿಸಬಹುದು ಎಂದೂ ಅವರು ಹೇಳಿದರು.

ಅದೇ ದಾರಿಯಲ್ಲಿ ನಮ್ಮಲ್ಲಿ ‘ನೈತಿಕ ಶಿಕ್ಷಣ’ ಬೆಳೆಯಿತು. ಧರ್ಮಸ್ಥಳದ ಶಾಂತಿವನ ಟ್ರಸ್ಟಿನ ಯೋಗ ಮತ್ತು ನೈತಿಕ ಶಿಕ್ಷಣ ಯೋಜನೆಯ ಪುಸ್ತಕಗಳನ್ನು ಓದಿ ಚಿತ್ರ, ಭಾಷಣ ಸ್ಪರ್ಧೆಗೆ ಹೋದ ಮಕ್ಕಳು ಬಹಳ. ಸುಳ್ಳು ಹೇಳಬಾರದು, ಹಿರಿಯರನ್ನು ಗೌರವಿಸಬೇಕು, ಪ್ರಾಣಿಗಳಿಗೆ ದಯೆ ತೋರಬೇಕು. ಬೇಕಾದ ಮಾತುಗಳೇ. ಆದರೆ ಎಲ್ಲ ಧರ್ಮದಲ್ಲೂ ಇರುವ ಒಂದೇ ಮಾತನ್ನು ಹೇಳಿದರೆ ಮಗುವಿನ ತಟ್ಟೆಯ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ‘ಎಲ್ಲ ಧರ್ಮಗಳೂ ಒಂದೇ’ ಎಂಬ ಮಾತು ಭಾಷಣಕ್ಕೆ ಚಂದ. ಮಕ್ಕಳ ಕಣ್ಣಿಗೆ ಅವು ಒಂದೇ ಅಲ್ಲ. ಒಬ್ಬ ಟೊಪ್ಪಿ ಹಾಕುತ್ತಾನೆ, ಒಬ್ಬಳು ಕುಂಕುಮ ಇಡುತ್ತಾಳೆ, ಒಬ್ಬನ ಕುತ್ತಿಗೆಯಲ್ಲಿ ಶಿಲುಬೆ. ಒಬ್ಬರಿಗೆ ಮೂರ್ತಿಯೇ ದೇವರು, ಇನ್ನೊಬ್ಬರಿಗೆ ಮೂರ್ತಿ ಕೂಡದು. ಈ ಬೇರೆತನವನ್ನು ಮುಚ್ಚದೆ, ಅದಕ್ಕೆ ಹೆದರದೆ ಹೇಳಿಕೊಡುವುದೇ ಪ್ರಾಥಮಿಕ ಶಾಲೆ ಮಾಡಬಹುದಾದ ದೊಡ್ಡ ಕೆಲಸ. ಏಳು ವರ್ಷದ ಮಗುವಿಗೆ ಬೇರೆತನ ಇನ್ನೂ ಬರೀ ಕುತೂಹಲ. ಹದಿನೇಳಕ್ಕೆ ಬರುವಷ್ಟರಲ್ಲಿ ಅದು ಇನ್ನೇನೋ ಆಗಿರಬಹುದು.

ಗಾಂಧೀಜಿಯ ಭಯಕ್ಕೆ ಉತ್ತರ ಪಾಠ ಮಾಡುವ ಶಿಕ್ಷಕರ ತಯಾರಿಯಲ್ಲಿದೆ. ನಮಾಜಿಗೆ ಮೊದಲು ಕೈಕಾಲು ತೊಳೆಯುವುದೇಕೆ ಎಂದು ಕೇಳಿದರೆ ಊಹಿಸಿ ಹೇಳುವ ಬದಲು, ‘ನಾಳೆ ಅವನನ್ನೇ ಕೇಳೋಣ, ಅವನು ಉಸ್ತಾದರನ್ನು ಕೇಳಿಕೊಂಡು ಬರುತ್ತಾನೆ’ ಎಂದರೆ ಸಾಕು. ಮದ್ರಸದ ಪಾಠ ಮುಗಿಸಿ ಶಾಲೆಗೆ ಓಡಿಬರುವ ಹುಡುಗ ಆ ಒಂದು ದಿನ ತರಗತಿಗೇ ಗುರು. ಭಾನುವಾರದ ದೊತೊರ್ನ್, ಭಜನಾ ಮಂದಿರದ ಸಂಜೆ, ಬಸದಿಯ ಪೂಜೆ, ಗರಡಿಯ ನೇಮ ಹೀಗೆಯೇ ಒಂದೊಂದಾಗಿ ತರಗತಿಯೊಳಗೆ ಬರಬಹುದು. ಒಂದು ಎಚ್ಚರ ಮಾತ್ರ ಬೇಕು. ಯಾವ ಮಗುವನ್ನೂ ಅದರ ಇಡೀ ಸಮುದಾಯದ ವಕೀಲನಂತೆ ಎದ್ದು ನಿಲ್ಲಿಸಬಾರದು. ಹೇಳಲು ಇಷ್ಟವಿದ್ದವರು ಹೇಳಲಿ.

ಹನ್ನೊಂದು ದಿನದ ಲೆಕ್ಕ

ಐದನೆಯ ತರಗತಿಗೆ ತಕ್ಕ ಪಾಠವೊಂದು ಕ್ಯಾಲೆಂಡರಿನಲ್ಲೇ ಇದೆ. ಅದಕ್ಕೆ ಕರಿಹಲಗೆ, ಸೀಮೆಸುಣ್ಣ ಬಿಟ್ಟರೆ ಬೇರೇನೂ ಬೇಡ.

ಚಂದ್ರ ಒಂದು ಸುತ್ತು ಮುಗಿಸಿ ಮತ್ತೆ ಅಮಾವಾಸ್ಯೆಗೆ ಬರಲು ಸುಮಾರು ಇಪ್ಪತ್ತೊಂಬತ್ತೂವರೆ ದಿನ. ಹನ್ನೆರಡರಿಂದ ಗುಣಿಸಿದರೆ 354. ಸೂರ್ಯನ ವರ್ಷ 365. ಕಳೆದರೆ 11. ಮುಸ್ಲಿಮರ ಹಿಜರಿ ವರ್ಷ ಚಂದ್ರನದು ಮಾತ್ರ. ಹೀಗಾಗಿ ರಂಜಾನ್ ವರ್ಷವರ್ಷ ಸುಮಾರು ಹನ್ನೊಂದು ದಿನ ಹಿಂದೆ ಸರಿಯುತ್ತದೆ. ಮಳೆಗಾಲದಲ್ಲೂ ಬರುತ್ತದೆ, ಬಿರುಬೇಸಿಗೆಯಲ್ಲೂ ಬರುತ್ತದೆ. ಚೌತಿಯೂ ಚಂದ್ರನ ಹಬ್ಬವೇ. ಆದರೆ ಅದಕ್ಕೆ ನಡುನಡುವೆ ಅಧಿಕ ಮಾಸ ಸೇರುವುದರಿಂದ ಮತ್ತೆ ಮುಂದಕ್ಕೆ ಬಂದು ಮಳೆಗಾಲವನ್ನು ಬಿಟ್ಟು ಹೋಗುವುದಿಲ್ಲ. ತುಳುವರ ತಿಂಗಳುಗಳು ಸೂರ್ಯನವು. ಅವರ ಬಿಸು ಹಬ್ಬ ಏಪ್ರಿಲ್ ನಡುವಿನಿಂದ ಅಲುಗುವುದಿಲ್ಲ. ಮೊಂತಿ ಹಬ್ಬ ಸೆಪ್ಟೆಂಬರ್ 8ರಿಂದ ಒಂದು ದಿನವೂ ಕದಲದು. ಹೊಸತೆನೆಯ ಆ ಹಬ್ಬವನ್ನು 1763ರಲ್ಲಿ ಫರಂಗಿಪೇಟೆಯಲ್ಲಿ ಶುರುಮಾಡಿದವರು ಗೋವೆಯ ಪಾದ್ರಿ ಜೋಕಿಂ ಮಿರಾಂದಾ. ಹಬ್ಬದ ಹೆಸರಿನ ‘ಮೊಂತಿ’ ಆ ಇಗರ್ಜಿಯ ಗುಡ್ಡದಿಂದಲೇ ಬಂತು.

ಹಲಗೆಯ ಮೇಲೆ ಉದ್ದಕ್ಕೆ ಒಂದು ಗೆರೆ, ಅದರ ಮೇಲೆ ಹನ್ನೆರಡು ತಿಂಗಳು. ಪ್ರತಿ ಮಗು ಬಂದು ತನ್ನ ಮನೆಯ ಹಬ್ಬವನ್ನು ಗುರುತಿಸಬೇಕು. ಊರಿನ ನೇಮ ಯಾವಾಗ, ಉರೂಸ್ ಯಾವಾಗ, ಬಸದಿಯ ದಶಲಕ್ಷಣ ಪರ್ವ ಯಾವಾಗ, ಇಗರ್ಜಿಯ ಸಾಂತಮಾರಿ ಯಾವಾಗ. ಗೆರೆ ತುಂಬಿದ ಮೇಲೆ ಇನ್ನೊಂದು ಪ್ರಶ್ನೆ: ಇದರಲ್ಲಿ ಮುಂದಿನ ವರ್ಷಕ್ಕೆ ಯಾವುದು ಇಲ್ಲೇ ಇರುತ್ತದೆ, ಯಾವುದು ಸರಿಯುತ್ತದೆ, ಎಷ್ಟು ದಿನ? ಸರಿಯುವ ಹಬ್ಬದ ಮನೆಯವರಿಗೆ ತಮ್ಮ ಹಬ್ಬ ಎಲ್ಲಿ ಹೋಗಿ ನಿಲ್ಲುತ್ತದೆಂಬ ಕಾತರ. ಸರಿಯದವರಿಗೆ ಗೆಳೆಯನ ಹಬ್ಬ ತಮ್ಮ ಹಬ್ಬದ ಪಕ್ಕಕ್ಕೆ ಯಾವ ವರ್ಷ ಬರುತ್ತದೆಂಬ ಲೆಕ್ಕ. ಹನ್ನೊಂದು, ಇಪ್ಪತ್ತೆರಡು, ಮೂವತ್ತಮೂರು ಎಂದು ಬೆರಳು ಮಡಚುತ್ತಾ ಮಕ್ಕಳು ಮೀಲಾದನ್ನು ಹಿಂದಕ್ಕೆ ನಡೆಸಿಕೊಂಡು ಹೋಗುತ್ತಾರೆ.

ಅಷ್ಟರಲ್ಲಿ ಲಾಂಗ್ ಬೆಲ್. ಮಳೆ ಮತ್ತೆ ಹಿಡಿದಿರುತ್ತದೆ. ಮನೆಗೆ ಓಡುವ ಮಕ್ಕಳಲ್ಲಿ ಕೆಲವರು ಬಾಗಿಲಲ್ಲಿ ತಲೆ ಎತ್ತಿ ತೆನೆಯನ್ನು ನೋಡುತ್ತಾರೆ. ಎಲೆ ಬಾಡಿ ಕಂದಾಗಿದ್ದರೂ ಕಾಳು ಇನ್ನೂ ಉದುರಿರುವುದಿಲ್ಲ. ಮುಂದಿನ ಸೋಣದಲ್ಲಿ ಹೊಸದು ಕಟ್ಟುವವರೆಗೆ ಅದು ಅಲ್ಲೇ ಇರುತ್ತದೆ.